ಟ್ರೇ ಅನಸ್ಟಾಸಿಯೊ ಮತ್ತು ಫಿಶ್ ಬ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಶ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ ಬಗ್ಗೆ ನಾನು ಮಾತು ತೆಗೆದರೆ ಸಾಕು, ಗೆಳೆಯರು, ಆಫೀಸಿನವರು, ನನ್ನ ತಂಗಿ, ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಬರೆದು ಬರೆದು ಅರ್ಧ ಉತ್ತರ ಅಲ್ಲಿ, ಅರ್ಧ ಇಲ್ಲಿ ಆಗಿದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಹಾಕುತ್ತಿದ್ದೇನೆ. ನಾನು ಸಂಗೀತ ಕಲಿತವನಲ್ಲ. ಹೊನ್ನಾವರದ ಕಡೆ ಯಕ್ಷಗಾನ, ತಾಳಮದ್ದಳೆ ಕೇಳುತ್ತಾ ಬೆಳೆದವನು. ಆಮೇಲೆ ಕೆಲಸದ ಮೇಲೆ ಬಾಸ್ಟನ್ ಹತ್ತಿರ ಮೂರು ವರ್ಷ ಇದ್ದಾಗ ಈ ಬ್ಯಾಂಡಿನ ಹುಚ್ಚು ಹತ್ತಿತು, ಇನ್ನೂ ಬಿಟ್ಟಿಲ್ಲ.

ಮೊದಲು ಹೇಳಿ, ಯಾರಿವರು?

ಟ್ರೇ ಅನಸ್ಟಾಸಿಯೊ ಗಿಟಾರ್ ನುಡಿಸುತ್ತಾರೆ, ಹಾಡುತ್ತಾರೆ, ಬ್ಯಾಂಡಿನ ಬಹುಪಾಲು ಹಾಡುಗಳನ್ನು ಕಟ್ಟಿದವರೂ ಅವರೇ. 1964ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿ, ನ್ಯೂ ಜೆರ್ಸಿಯ ಪ್ರಿನ್ಸ್‌ಟನ್ನಿನಲ್ಲಿ ಬೆಳೆದು, 1983ರಲ್ಲಿ ಓದಲಿಕ್ಕೆ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ನಿಗೆ ಬಂದರು. ಜೊತೆಗಿರುವವರು ಡ್ರಮ್ಸಿನ ಜಾನ್ ಫಿಶ್‌ಮನ್, ಬೇಸ್ ಗಿಟಾರಿನ ಮೈಕ್ ಗಾರ್ಡನ್, ಕೀಬೋರ್ಡಿನ ಪೇಜ್ ಮೆಕಾನಲ್. ಶುರುವಿನಲ್ಲಿ ಜೆಫ್ ಹೋಲ್ಡ್ಸ್‌ವರ್ತ್ ಅಂತ ಇನ್ನೊಬ್ಬ ಗಿಟಾರಿಸ್ಟ್ ಇದ್ದರು, 1986ರಲ್ಲಿ ಬಿಟ್ಟುಹೋದರು. ಅಲ್ಲಿಂದ ಇಲ್ಲಿಯವರೆಗೆ ಅದೇ ನಾಲ್ಕು ಜನ.

ಒಂದು ವಿಷಯ ನನಗೆ ತುಂಬಾ ಇಷ್ಟ. ಇಡೀ ಅಮೆರಿಕ ಇವರನ್ನು ವರ್ಮಾಂಟಿನ ಬ್ಯಾಂಡ್ ಅಂತಲೇ ಕರೆಯುತ್ತದೆ, ಆದರೆ ನಾಲ್ವರಲ್ಲಿ ಒಬ್ಬರೂ ಅಲ್ಲಿ ಹುಟ್ಟಿದವರಲ್ಲ. ಬಂದು ಸೇರಿಕೊಂಡ ಊರನ್ನೇ ತಮ್ಮದು ಮಾಡಿಕೊಂಡವರು. ವರ್ಮಾಂಟ್ ಎಷ್ಟು ಚಿಕ್ಕದು ಅಂದರೆ, ಇಡೀ ರಾಜ್ಯದ ಜನ ಸೇರಿದರೂ ನಮ್ಮ ಮೈಸೂರು ನಗರದಷ್ಟು ಆಗುವುದಿಲ್ಲ.

ಜ್ಯಾಮ್ ಬ್ಯಾಂಡ್ ಅಂದರೆ ಏನು?

ತಾಳಮದ್ದಳೆ ಕೇಳಿದವರಿಗೆ ಇದನ್ನು ವಿವರಿಸುವುದು ಸುಲಭ. ಪ್ರಸಂಗ ಎಲ್ಲರಿಗೂ ಗೊತ್ತಿರುತ್ತದೆ. ಪದ್ಯವೂ ಗೊತ್ತು, ಕೊನೆಗೆ ಯಾರು ಗೆಲ್ಲುತ್ತಾರೆ ಅಂತಲೂ ಗೊತ್ತು. ಆದರೂ ಜನ ಹೋಗಿ ಕೂರುತ್ತಾರೆ, ಯಾಕೆಂದರೆ ಇವತ್ತು ಕರ್ಣನ ಅರ್ಥ ಹೇಳುವವರು ಆ ಪದ್ಯವನ್ನು ಹಿಡಿದು ಎಲ್ಲಿಗೆ ಹೋಗುತ್ತಾರೆ, ಎದುರಿನ ಕೃಷ್ಣ ಅದಕ್ಕೆ ಏನು ಹೇಳುತ್ತಾನೆ ಅನ್ನುವುದು ಮೊದಲೇ ಯಾರಿಗೂ ಗೊತ್ತಿಲ್ಲ, ಹೇಳುವವರಿಗೂ ಗೊತ್ತಿಲ್ಲ. ಜ್ಯಾಮ್ ಬ್ಯಾಂಡ್ ಮಾಡುವುದೂ ಇದನ್ನೇ. ಹಾಡು ಪದ್ಯದ ಹಾಗೆ. ಅದನ್ನು ಹಾಡಿ ಮುಗಿಸಿದ ಮೇಲೆ ನಾಲ್ವರೂ ಅಲ್ಲಿಂದ ಹೊರಟು, ಹತ್ತು ನಿಮಿಷವೋ ಮೂವತ್ತು ನಿಮಿಷವೋ ಅಲ್ಲೇ ಹುಟ್ಟಿಸಿದ ಸಂಗೀತ ನುಡಿಸುತ್ತಾರೆ. ಕೆಲವು ಸಲ ವಾಪಸ್ ಅದೇ ಹಾಡಿಗೆ ಬರುತ್ತಾರೆ, ಕೆಲವು ಸಲ ಬೇರೆ ಹಾಡಿಗೆ ಹೋಗಿ ಇಳಿಯುತ್ತಾರೆ.

ಕಛೇರಿ ಕೇಳುವವರು ಮನೋಧರ್ಮ ಅಂದುಕೊಳ್ಳಬಹುದು. ಒಂದು ವ್ಯತ್ಯಾಸ ಇದೆ. ಕಛೇರಿಯಲ್ಲಿ ಗಾಯಕರು ಮುಂದೆ ಹೋಗುತ್ತಾರೆ, ಪಕ್ಕವಾದ್ಯದವರು ಹಿಂಬಾಲಿಸುತ್ತಾರೆ. ಇಲ್ಲಿ ಯಾರು ಮುಂದೆ ಅಂತ ಗೊತ್ತು ಮಾಡಿರುವುದಿಲ್ಲ.

ಅಂದರೆ ಸುಮ್ನೆ ಬಾಯಿಗೆ ಬಂದದ್ದು, ಕೈಗೆ ಬಂದದ್ದು ನುಡಿಸುತ್ತಾರಾ?

ಇಲ್ಲ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡಲೇಬೇಕು.

ಇವರು ಮಾಡುತ್ತಿದ್ದ ಒಂದು ಅಭ್ಯಾಸ ಇದೆ. ಒಬ್ಬರು ಒಂದು ಚಿಕ್ಕ ತುಣುಕು ನುಡಿಸಲು ಶುರು ಮಾಡುತ್ತಾರೆ. ಉಳಿದ ಮೂವರು ಅದಕ್ಕೆ ಹೊಂದುವ ತಮ್ಮ ತಮ್ಮ ತುಣುಕು ಸೇರಿಸುತ್ತಾರೆ. ಉಳಿದ ಮೂವರೂ ತಮ್ಮ ಜಾಗ ಹಿಡಿದು ನಿಂತಿದ್ದಾರೆ ಅಂತ ಅನ್ನಿಸಿದಾಗ ಪ್ರತಿಯೊಬ್ಬರೂ 'ಹೇ' ಅನ್ನಬೇಕು. ನಾಲ್ಕೂ 'ಹೇ' ಒಟ್ಟಿಗೆ ಬಿದ್ದರೆ ಸರಿ, ಮುಂದಿನವರು ಹೊಸ ತುಣುಕು ಶುರು ಮಾಡುತ್ತಾರೆ. ಯಾರಾದರೂ ತಮ್ಮ ಗಿಟಾರಿನಲ್ಲೇ ಮುಳುಗಿದ್ದರೆ 'ಹೇ' ತಪ್ಪುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಇದು ನುಡಿಸುವ ಅಭ್ಯಾಸಕ್ಕಿಂತ ಜಾಸ್ತಿ ಕೇಳುವ ಅಭ್ಯಾಸ, ಅಲ್ವಾ? ಇದನ್ನು ಗಂಟೆಗಟ್ಟಲೆ, ವರ್ಷಗಟ್ಟಲೆ ಮಾಡಿದ್ದಾರೆ.

ಇನ್ನೊಂದು ಕಡೆ ಟ್ರೇ ಬರೆದುಕೊಂಡು ಸಂಗೀತ ಕಟ್ಟುವವರು. ವರ್ಮಾಂಟಿನಲ್ಲೇ ಇದ್ದ ಅರ್ನಿ ಸ್ಟೈರ್ಸ್ ಅನ್ನುವ ಹಿರಿಯ ಸಂಗೀತಗಾರರ ಹತ್ತಿರ ರಚನೆ ಕಲಿತರು. ಅವರ ಹಳೆಯ ಹಾಡುಗಳಲ್ಲಿ ಕೆಲವು ಭಾಗ ಪ್ರತಿಯೊಂದು ಸ್ವರವೂ ಮೊದಲೇ ಬರೆದಿಟ್ಟದ್ದು, ತಪ್ಪಿದರೆ ಅಭಿಮಾನಿಗಳಿಗೆ ತಕ್ಷಣ ಗೊತ್ತಾಗುತ್ತದೆ. ಅಷ್ಟು ಬಿಗಿಯಾದ ದಾರಿ ದಾಟಿ ಬಂದ ಮೇಲೆ ಬಯಲು ಸಿಗುತ್ತದೆ. ಬಯಲಿಗೆ ಬಂದಾಗ ಆಗುವ ಖುಷಿಗೆ ಆ ಬಿಗಿಯೇ ಕಾರಣ ಅಂತ ನನ್ನ ಅಭಿಪ್ರಾಯ.

ಶುರುವಾದದ್ದು ಹೇಗೆ?

ಸಾಧಾರಣ ಕಾಲೇಜು ಬ್ಯಾಂಡಿನ ಹಾಗೇ. ಹಾಸ್ಟೆಲಿನಲ್ಲಿ ಭೇಟಿ, ಗೋಡೆಗೆ ಹಚ್ಚಿದ ಚೀಟಿ ನೋಡಿ ಬೇಸ್ ನುಡಿಸುವವರು ಬಂದದ್ದು, ಹೀಗೆ. 1983ರ ಡಿಸೆಂಬರಿನಲ್ಲಿ ವರ್ಮಾಂಟ್ ಯೂನಿವರ್ಸಿಟಿಯ ಊಟದ ಹಾಲ್‌ನಲ್ಲಿ ಮೊದಲ ಶೋ. ಅದು ಚೆನ್ನಾಗಿ ಹೋಗಲಿಲ್ಲ. ಇವರನ್ನು ನಿಲ್ಲಿಸಲಿಕ್ಕೆ ಯಾರೋ ಮೈಕಲ್ ಜಾಕ್ಸನ್ ರೆಕಾರ್ಡ್ ಹಾಕಿಬಿಟ್ಟರು ಅಂತ ಬ್ಯಾಂಡಿನವರೇ ಹೇಳಿಕೊಳ್ಳುತ್ತಾರೆ.

ಪೇಜ್ 1985ರಲ್ಲಿ ಸೇರಿದರು. ಅವರು ಓದುತ್ತಿದ್ದದ್ದು ಗಾಡರ್ಡ್ ಅನ್ನುವ ಪುಟ್ಟ ಕಾಲೇಜಿನಲ್ಲಿ. ಟ್ರೇ ಮತ್ತು ಫಿಶ್‌ಮನ್ ಇಬ್ಬರನ್ನೂ ಅಲ್ಲಿಗೆ ಸೇರಿಸಿದ್ದಕ್ಕೆ ಕಾಲೇಜು ಪೇಜ್‌ಗೆ ತಲೆಗೆ 50 ಡಾಲರ್ ಕೊಟ್ಟಿತು! ಅಲ್ಲಿ ಟ್ರೇ ಪದವಿಯ ಕೊನೆಯ ಪ್ರಾಜೆಕ್ಟಿಗೆ ಪ್ರಬಂಧದ ಜೊತೆಗೆ ಹಾಡುಗಳ ಒಂದು ಇಡೀ ಕಥೆಯನ್ನೇ ಕೊಟ್ಟರು. ಗೇಮ್‌ಹೆಂಜ್ ಅನ್ನುವ ಕಲ್ಪನೆಯ ನಾಡು, ಅಲ್ಲೊಬ್ಬ ಕೆಟ್ಟ ರಾಜ, ಅವನ ವಿರುದ್ಧ ಏಳುವ ಜನ. ಆ ಹಾಡುಗಳನ್ನು ಬ್ಯಾಂಡ್ ಇವತ್ತಿಗೂ ಬಿಡಿಬಿಡಿಯಾಗಿ ನುಡಿಸುತ್ತದೆ. ಪೂರ್ತಿ ಕಥೆಯನ್ನು 1994ರ ನಂತರ ಒಮ್ಮೆಯೂ ಮಾಡಿರಲಿಲ್ಲ. 2023ರ ಡಿಸೆಂಬರ್ 31ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ವೇಷ, ನಟರು ಎಲ್ಲ ಸೇರಿಸಿ ಮಾಡಿ ತೋರಿಸಿದರು. ಬೆಂಗಳೂರಿನಲ್ಲಿ ಹಗಲು ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂತು ಅದನ್ನು ನೋಡಿದೆ. ಕಣ್ಣು ಒದ್ದೆ ಆಯಿತು.

ನೆಕ್ಟರ್ಸ್ ಅಂತ ಹೇಳುತ್ತಾ ಇರುತ್ತೀಯಲ್ಲ, ಏನದು?

ಬರ್ಲಿಂಗ್ಟನ್ನಿನ ಮೇನ್ ಸ್ಟ್ರೀಟಿನಲ್ಲಿದ್ದ ಒಂದು ಬಾರ್. ಆಗಿನ ಮಾಲೀಕ ನೆಕ್ಟರ್ ರೊರಿಸ್. 1984ರ ಕೊನೆಯಿಂದ 1989ರವರೆಗೆ ಫಿಶ್ ಅಲ್ಲಿ ಮತ್ತೆ ಮತ್ತೆ ನುಡಿಸಿತು. ಸಾಲಾಗಿ ಮೂರು ರಾತ್ರಿ, ರಾತ್ರಿಗೆ ಮೂರು ಸೆಟ್, ಅಂದರೆ ಮಧ್ಯೆ ಬಿಡುವು ಕೊಟ್ಟು ಮೂರು ಸುತ್ತು. ಏನು ಬೇಕಾದರೂ ಪ್ರಯೋಗ ಮಾಡಿ, ತಪ್ಪಿದರೂ ಪರವಾಗಿಲ್ಲ ಅನ್ನುವ ಜಾಗ ಅದು.

ಒಂದು ಲೆಕ್ಕ ಯೋಚಿಸಿ. ಊರು ಚಿಕ್ಕದು, ಬಾರಿಗೆ ಬರುವ ಮುಖಗಳು ಅವೇ. ನಿನ್ನೆ ಬಂದವರು ಇವತ್ತೂ ಎದುರಿಗಿದ್ದಾರೆ. ಅವರ ಮುಂದೆ ನಿನ್ನೆಯ ಹಾಡುಗಳನ್ನು ನಿನ್ನೆಯ ಹಾಗೇ ನುಡಿಸಿದರೆ ನಾಳೆ ಯಾರು ಬರುತ್ತಾರೆ? ಹಾಗಾಗಿ ಹಾಡಿನ ಪಟ್ಟಿ ದಿನವೂ ಬದಲಾಯಿತು, ಹಾಡುಗಳ ಒಳಗೂ ಬದಲಾಯಿತು. ಆಮೇಲೆ ಎಪ್ಪತ್ತು ಸಾವಿರ ಜನ ಸೇರಿದಾಗಲೂ ಇದೇ ರೂಢಿ ಉಳಿಯಿತು. ಇವರ ನಲವತ್ತು ವರ್ಷದ ಬದುಕಿನ ಗುಟ್ಟು ಏನು ಅಂತ ಕೇಳಿದರೆ ನಾನು ಆ ಬಾರನ್ನೇ ತೋರಿಸುತ್ತೇನೆ. ಅವರೂ ಮರೆಯಲಿಲ್ಲ. 1992ರ ಆಲ್ಬಮ್ಮಿಗೆ ನೆಕ್ಟರ್ ಹೆಸರೇ ಇಟ್ಟು, ಮುಖಪುಟದ ಕಿತ್ತಳೆ ಹಣ್ಣಿನ ಒಳಗೆ ಅವರ ಮುಖ ಸೇರಿಸಿದರು.

ನಾನು ಫೆಬ್ರುವರಿಯ ಹಿಮದಲ್ಲಿ ಬಸ್ಸು ಹಿಡಿದು ಅಲ್ಲಿಗೆ ಹೋಗಿದ್ದೆ. ಗ್ರೇವಿ ಸುರಿದ ಆಲೂಗಡ್ಡೆ ಫ್ರೈಸ್ ಅಲ್ಲಿನ ಪ್ರಸಿದ್ಧ ತಿಂಡಿ ಆಗಿತ್ತು. ಗ್ರೇವಿ ಮಾಂಸದ್ದು ಅಂತ ಗೊತ್ತಾಗಿ ಬರೀ ಫ್ರೈಸ್ ತಿಂದೆ, ಆದರೂ ದೇವಸ್ಥಾನಕ್ಕೆ ಹೋಗಿ ಬಂದಷ್ಟೇ ಸಮಾಧಾನ ಆಯಿತು.

ಊರಿನ ಬ್ಯಾಂಡ್ ಊರು ದಾಟಿದ್ದು ಹೇಗೆ? ರೇಡಿಯೋದಲ್ಲಿ ಬಂದಿತಾ?

ರೇಡಿಯೋದಿಂದ ಇವರಿಗೆ ಏನೂ ದೊಡ್ಡದಾಗಿ ಆಗಲಿಲ್ಲ. ಅಮೆರಿಕದ ಟಾಪ್ 40 ಪಟ್ಟಿಗೆ ಇವರ ಒಂದು ಹಾಡೂ ಹೋಗಿಲ್ಲ. ದಾಟಿದ್ದು ತಿರುಗಾಟದಿಂದ. ನಮ್ಮ ಮೇಳಗಳು ಊರಿಂದ ಊರಿಗೆ ಹೋದ ಹಾಗೆ, ಮೊದಲು ಪಕ್ಕದ ಕಾಲೇಜು ಊರುಗಳು, ಆಮೇಲೆ ನ್ಯೂ ಇಂಗ್ಲೆಂಡ್, ಅಂದರೆ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳ, ಉಳಿದ ಕಡೆ.

1988ರಲ್ಲಿ ಕೊಲರಾಡೋದ ಟೆಲ್ಯುರೈಡಿನಿಂದ ಕರೆ ಬಂತು. ಶೋಗಳು ಸಾಲಾಗಿ ಇವೆ ಅಂದರು. ಹೊರಡುವ ಹೊತ್ತಿಗೆ ಆ ಮಾತು ಗಾಳಿಗೆ ಹೋಯಿತು. ಆದರೂ ಗಾಡಿ ಹತ್ತಿ ದೇಶದ ಅರ್ಧಕ್ಕಿಂತ ಜಾಸ್ತಿ ದಾಟಿ ಹೋಗಿ, ಅಲ್ಲಿನ ಬಾರುಗಳಲ್ಲಿ ಬೆರಳೆಣಿಕೆಯ ಜನರ ಮುಂದೆ ನುಡಿಸಿ ಬಂದರು.

1989ರ ಜನವರಿಯ ಕಥೆ ಇನ್ನೂ ಚೆನ್ನಾಗಿದೆ. ಬಾಸ್ಟನ್ನಿನ ಪ್ಯಾರಡೈಸ್ ಕ್ಲಬ್ ಇವರನ್ನು ಕರೆಯಲು ಒಪ್ಪಲಿಲ್ಲ, ಹೆಸರೇ ಕೇಳಿಲ್ಲ ಅಂದರು. ಆಗ ಬ್ಯಾಂಡಿನ ಮ್ಯಾನೇಜರ್ ಜಾನ್ ಪಾಲುಸ್ಕಾ ಕಡೆಯವರು ಆ ಕ್ಲಬ್ಬನ್ನೇ ಒಂದು ರಾತ್ರಿಗೆ ಬಾಡಿಗೆಗೆ ಹಿಡಿದರು. ವರ್ಮಾಂಟಿನ ಅಭಿಮಾನಿಗಳು ಬಸ್ಸು ಮಾಡಿಕೊಂಡು ಬಂದರು. ಟಿಕೆಟ್ಟುಗಳೆಲ್ಲ ಖಾಲಿ. ಸ್ವಂತ ಊರಿನ ಜನರನ್ನೇ ಕಟ್ಟಿಕೊಂಡು ಹೋಗಿ ಹೊರಊರಿನಲ್ಲಿ ಹಾಲ್ ತುಂಬಿಸುವುದು! ಇದಕ್ಕಿಂತ ದೊಡ್ಡ ಜಾಹೀರಾತು ಯಾವ ಕಂಪನಿ ಮಾಡಿಕೊಡುತ್ತದೆ ಹೇಳಿ.

ಜನ ಶೋ ರೆಕಾರ್ಡ್ ಮಾಡಿಕೊಂಡರೆ ಇವರಿಗೆ ನಷ್ಟ ಅಲ್ವಾ?

ನಷ್ಟ ಆಗಲಿಲ್ಲ. ಶುರುವಿನಿಂದಲೂ ಅಭಿಮಾನಿಗಳು ಮೈಕು, ಟೇಪ್ ರೆಕಾರ್ಡರ್ ತಂದು ರೆಕಾರ್ಡ್ ಮಾಡಲು ಬಿಟ್ಟರು. ಮುಂದೆ ರೆಕಾರ್ಡ್ ಮಾಡುವವರಿಗೇ ಬೇರೆ ಟಿಕೆಟ್, ಬೇರೆ ಜಾಗ ಕೂಡ ಕೊಟ್ಟರು. ಕಂಡೀಷನ್ ಒಂದೇ: ಹಂಚಿಕೊಳ್ಳಿ, ಮಾರಬೇಡಿ. ಖಾಲಿ ಕ್ಯಾಸೆಟ್ ಮತ್ತು ಅಂಚೆ ಖರ್ಚು ಕಳಿಸಿದರೆ ಗುರುತೇ ಇಲ್ಲದವರು ಪ್ರತಿ ಮಾಡಿ ಕಳಿಸುತ್ತಿದ್ದರು. ಪ್ರತಿ ರಾತ್ರಿಯೂ ಬೇರೆ ಆದ್ದರಿಂದ ಒಂದು ಕ್ಯಾಸೆಟ್ ಕೇಳಿದವರಿಗೆ ಇನ್ನೊಂದು ಬೇಕು ಅನ್ನಿಸುತ್ತಿತ್ತು, ನಾಲ್ಕು ಕೇಳಿದವರು ಟಿಕೆಟ್ ಕೊಳ್ಳುತ್ತಿದ್ದರು. 2002ರ ಕೊನೆಗೆ ಬ್ಯಾಂಡೇ ತನ್ನ ಶೋಗಳ ರೆಕಾರ್ಡಿಂಗನ್ನು ಇಂಟರ್ನೆಟ್ಟಿನಲ್ಲಿ ಮಾರಲು ಶುರು ಮಾಡಿತು. ಅದಾದ ಮೇಲೂ ಜನ ರೆಕಾರ್ಡ್ ಮಾಡುವುದನ್ನು ನಿಲ್ಲಿಸಲಿಲ್ಲ.

ಹಾಡಿನ ಮಾತುಗಳನ್ನು ಬರೆಯುವವರು ಯಾರು? ಅರ್ಥವೇ ಆಗುವುದಿಲ್ಲವಲ್ಲ?

ಸುಮಾರು ಹಾಡುಗಳ ಸಾಹಿತ್ಯ ಟಾಮ್ ಮಾರ್ಷಲ್ ಅವರದ್ದು. ಟ್ರೇಯ ಶಾಲೆಯ ಗೆಳೆಯ. ಬ್ಯಾಂಡಿನಲ್ಲಿ ಇಲ್ಲ, ವೇದಿಕೆಗೆ ಬರುವುದೂ ಅಪರೂಪ, ಬಹಳ ವರ್ಷ ಕಂಪ್ಯೂಟರ್ ಕೆಲಸ ಮಾಡುತ್ತಲೇ ಬರೆದವರು. 1997ರಲ್ಲಿ ಇಬ್ಬರೂ ವರ್ಮಾಂಟಿನ ಸ್ಟೋ ಹತ್ತಿರ ಒಂದು ತೋಟದ ಮನೆ ಹಿಡಿದು, ಅಲ್ಲೇ ಕೂತು ಒಂದರ ಮೇಲೊಂದು ಹಾಡು ಬರೆದು ರೆಕಾರ್ಡ್ ಮಾಡಿದರು. ಬ್ಯಾಂಡಿನ ಮುಂದಿನ ವರ್ಷಗಳ ಎಷ್ಟೋ ಹಾಡುಗಳು ಅಲ್ಲಿಂದ ಬಂದವು.

ಅರ್ಥದ ವಿಷಯ. ಹಳೆಯ ಹಾಡುಗಳಲ್ಲಿ ಮಕ್ಕಳ ಪದ್ಯದ ಥರ ಮಾತಿನ ಆಟ ಜಾಸ್ತಿ, ಅದರಲ್ಲಿ ಅರ್ಥ ಹುಡುಕುತ್ತಾ ಕೂರಬೇಡಿ, ಬಾಯಲ್ಲಿ ಹೇಳಿಕೊಂಡು ನೋಡಿ. 2009ರ ನಂತರದ ಹಾಡುಗಳು ಬೇರೆ. ವಯಸ್ಸು, ಸತ್ತುಹೋದ ಗೆಳೆಯರು, ಮಕ್ಕಳು, ತಪ್ಪು ತಿದ್ದಿಕೊಳ್ಳುವುದು, ಎಲ್ಲ ನೇರವಾಗಿ ಬರುತ್ತದೆ. ಕೆಲವು ಹಳೆಯ ಅಭಿಮಾನಿಗಳಿಗೆ ಅದು ಹಿಡಿಸುವುದಿಲ್ಲ. ನನಗೆ ಈ ಹಾಡುಗಳೇ ಹತ್ತಿರ.

ದೊಡ್ಡ ರೆಕಾರ್ಡ್ ಕಂಪನಿ ಸೇರಿದವರನ್ನು ಸ್ವತಂತ್ರ ಅನ್ನುವುದು ಹೇಗೆ?

ಒಳ್ಳೆಯ ಪ್ರಶ್ನೆ. ಮೊದಲ ಆಲ್ಬಮ್ 'ಜುಂಟಾ' 1989ರಲ್ಲಿ ತಾವೇ ಕ್ಯಾಸೆಟ್ ಮಾಡಿ ಮಾರಿದ್ದು. 1991ರಲ್ಲಿ ಎಲೆಕ್ಟ್ರಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಆದರೆ ಅಷ್ಟು ಹೊತ್ತಿಗೆ ಹೊಟ್ಟೆಪಾಡು ವೇದಿಕೆಯಿಂದ ನಡೆಯುತ್ತಿತ್ತು. ಆಲ್ಬಮ್ ಓಡಿದರೂ ಸರಿ, ಓಡದಿದ್ದರೂ ಸರಿ, ನಾಳೆಯ ಶೋ ತುಂಬುತ್ತದೆ. ಹಾಗಿದ್ದಾಗ ಯಾರು ಬಂದು ಮೂರು ನಿಮಿಷದ ಹಾಡು ಮಾಡಿ ಅಂತ ಒತ್ತಾಯ ಮಾಡಲು ಸಾಧ್ಯ? ಟಿಕೆಟ್ಟನ್ನೂ ಅಂಚೆಯ ಮೂಲಕ ಅಭಿಮಾನಿಗಳಿಗೆ ನೇರವಾಗಿ ಮಾರುತ್ತಿದ್ದರು. 2005ರಲ್ಲಿ ಜೆಂಪ್ ಅನ್ನುವ ಸ್ವಂತ ರೆಕಾರ್ಡ್ ಕಂಪನಿ ಮಾಡಿಕೊಂಡರು.

ಜೊತೆಗಿದ್ದವರನ್ನೂ ನೋಡಿ. ಟ್ರೇಯ ಗಿಟಾರ್ ಮಾಡಿಕೊಟ್ಟ ಪಾಲ್ ಲಾಂಗ್‌ಡಾಕ್ ಬಹಳ ವರ್ಷ ಇವರ ಸೌಂಡ್ ನೋಡಿಕೊಂಡವರು. ಲೈಟಿನ ಕ್ರಿಸ್ ಕುರೋಡಾ ಮೊದಲು ಟ್ರೇ ಹತ್ತಿರ ಗಿಟಾರ್ ಪಾಠಕ್ಕೆ ಬರುತ್ತಿದ್ದವರು. 1989ರಿಂದ ಇವತ್ತಿನವರೆಗೂ ಅವರೇ. ಅವರ ಲೈಟು ಕೂಡ ಆ ಕ್ಷಣದಲ್ಲೇ ಹುಟ್ಟುತ್ತದೆ, ಅದಕ್ಕೇ ಅಭಿಮಾನಿಗಳು ಅವರನ್ನು ಐದನೆಯ ಸದಸ್ಯ ಅನ್ನುತ್ತಾರೆ.

ಇವರು ಗ್ರೇಟ್‌ಫುಲ್ ಡೆಡ್ ನಕಲು ಅನ್ನುತ್ತಾರಲ್ಲ?

ದಾರಿ ಹಾಕಿಕೊಟ್ಟದ್ದು ಡೆಡ್, ಅದರಲ್ಲಿ ಅನುಮಾನ ಬೇಡ. ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಶುರುವಾದ ಆ ಬ್ಯಾಂಡ್ ಶೋ ರೆಕಾರ್ಡ್ ಮಾಡಲು ಬಿಡುವುದು, ಪ್ರತಿ ರಾತ್ರಿ ಬೇರೆ ನುಡಿಸುವುದು ಎಲ್ಲ ಮೊದಲೇ ಮಾಡಿತ್ತು. ಫಿಶ್ ಕೂಡ ಎಳೆಯ ದಿನಗಳಲ್ಲಿ ಅವರ ಹಾಡು ನುಡಿಸುತ್ತಿತ್ತು, ಆಮೇಲೆ ಬೇಕೆಂದೇ ಬಿಟ್ಟಿತು. ಸಂಗೀತ ಕೇಳಿದರೆ ಎರಡೂ ಬೇರೆ. 2015ರಲ್ಲಿ ಡೆಡ್‌ನ ಉಳಿದ ಸದಸ್ಯರು ಐವತ್ತು ವರ್ಷದ ನೆನಪಿಗೆ ಕೊನೆಯ ಶೋಗಳನ್ನು ಮಾಡಿದಾಗ, ತೀರಿಹೋದ ಜೆರ್ರಿ ಗಾರ್ಸಿಯಾ ಜಾಗದಲ್ಲಿ ಗಿಟಾರ್ ನುಡಿಸಲು ಕರೆದದ್ದು ಟ್ರೇಯನ್ನೇ.

ರಾತ್ರಿಯಿಡೀ ನುಡಿಸಿದ್ದರಂತೆ, ನಿಜವಾ?

ನಿಜ. 1996ರ ಆಗಸ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗಿನ ಹಳೆಯ ವಾಯುನೆಲೆಯಲ್ಲಿ ಎರಡು ದಿನದ ತಮ್ಮದೇ ಜಾತ್ರೆ ಮಾಡಿದರು, ಸುಮಾರು 70,000 ಜನ. ಬೇರೆ ಬ್ಯಾಂಡ್ ಒಂದೂ ಇಲ್ಲ. ಅಲ್ಲಿಂದ ಇಂಥ ಜಾತ್ರೆಗಳು ರೂಢಿಯಾದವು. 1999ರ ಡಿಸೆಂಬರ್ 31ಕ್ಕೆ ಫ್ಲಾರಿಡಾದ ಬಿಗ್ ಸೈಪ್ರೆಸ್, ಸೆಮಿನೋಲ್ ಬುಡಕಟ್ಟಿನವರ ಜಾಗ. ಮಧ್ಯರಾತ್ರಿ ವೇದಿಕೆಗೆ ಬಂದವರು ಸೂರ್ಯ ಹುಟ್ಟುವವರೆಗೆ, ಏಳು ಗಂಟೆಗೂ ಜಾಸ್ತಿ, ಒಂದೇ ಸೆಟ್ ನುಡಿಸಿದರು. ಬೆಳಗಿನವರೆಗೆ ಬಯಲಾಟ ನೋಡಿದವರಿಗೆ ಕೊನೆಯ ಜಾವದ ಆ ಹೊತ್ತು ಗೊತ್ತು. ನಿದ್ದೆ ಒಂದು ಸುತ್ತು ಬಂದು ಹೋಗಿರುತ್ತದೆ, ಮೈಮೇಲೆ ಇಬ್ಬನಿ, ಚೆಂಡೆಯ ಪೆಟ್ಟು ಬೇರೆಯೇ ಥರ ಕೇಳಿಸುತ್ತದೆ. ಆ ಶೋದ ಕೊನೆಯ ಎರಡು ಗಂಟೆ ಕೇಳಿದಾಗ ನನಗೆ ಅದೇ ಇಬ್ಬನಿ ನೆನಪಾಯಿತು.

ಮತ್ತೆ ಯಾಕೆ ನಿಲ್ಲಿಸಿದರು?

ಸುಸ್ತು, ಮತ್ತು ಮಾದಕ ವಸ್ತು. 2000ದಿಂದ 2002ರ ಕೊನೆಯವರೆಗೆ ಬಿಡುವು ತೆಗೆದುಕೊಂಡರು. ವಾಪಸ್ ಬಂದರೂ ಸರಿಹೋಗಲಿಲ್ಲ. 2004ರಲ್ಲಿ ಇಲ್ಲಿಗೆ ಮುಗಿಯಿತು ಅಂತ ಟ್ರೇ ಹೇಳಿದರು. ಕೊನೆಯ ಶೋ ತಮ್ಮ ವರ್ಮಾಂಟಿನ ಕವೆಂಟ್ರಿಯಲ್ಲಿ, ಆಗಸ್ಟ್ 14 ಮತ್ತು 15. ಮಳೆ ಸುರಿದು ಮೈದಾನ ಕೆಸರಾಯಿತು. ಬಂದವರಿಗೆ ವಾಪಸ್ ಹೋಗಿ ಅಂದರು. ಎಷ್ಟೋ ಜನ ಹೆದ್ದಾರಿಯಲ್ಲೇ ಕಾರು ಬಿಟ್ಟು ಮೈಲಿಗಟ್ಟಲೆ ನಡೆದು ಬಂದರು. ಅಂಥ ಜನರ ಮುಂದೆ ಬ್ಯಾಂಡ್ ಚೆನ್ನಾಗಿ ನುಡಿಸಲಿಲ್ಲ. ಆ ರೆಕಾರ್ಡಿಂಗನ್ನು ನಾನು ಒಂದೇ ಸಲ ಕೇಳಿದ್ದು, ಎರಡನೇ ಸಲ ಕೇಳಲು ಮನಸ್ಸು ಬರಲಿಲ್ಲ.

2006ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ವೈಟ್‌ಹಾಲ್ ಅನ್ನುವ ಊರಿನಲ್ಲಿ ಪೊಲೀಸರು ಟ್ರೇ ಕಾರು ನಿಲ್ಲಿಸಿದರು. ಮಾತ್ರೆಗಳು ಸಿಕ್ಕಿದವು, ಬಂಧನ ಆಯಿತು. ಚಟ ಬಿಡಿಸುವ ವಿಶೇಷ ಕೋರ್ಟಿನ ನಿಗಾದಲ್ಲಿ ಸುಮಾರು 14 ತಿಂಗಳು. ಮತ್ತೆ ಮತ್ತೆ ಪರೀಕ್ಷೆ, ಸಮುದಾಯ ಸೇವೆ. ಮೈದಾನದ ಟಾಯ್ಲೆಟ್ ತೊಳೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅವತ್ತು ಹಿಡಿದದ್ದರಿಂದಲೇ ಬದುಕಿದೆ ಅಂತಲೂ ಹೇಳಿದ್ದಾರೆ. ಅಲ್ಲಿಂದ ಇಲ್ಲಿಯವರೆಗೆ ಮುಟ್ಟಿಲ್ಲ. ಇದನ್ನು ನಾನು ಮುಚ್ಚಿ ಬರೆಯುವುದಿಲ್ಲ, ಅವರೇ ಮುಚ್ಚಿಟ್ಟಿಲ್ಲ. ವರ್ಮಾಂಟಿನ ಲಡ್ಲೋ ಅನ್ನುವ ಊರಿನಲ್ಲಿ ಚಟದಿಂದ ಹೊರಬರುವವರು ಉಳಿದುಕೊಳ್ಳುವ ಕೇಂದ್ರವನ್ನೂ ಶುರು ಮಾಡಿಸಿದ್ದಾರೆ. 2020ರ ಕೊರೊನಾ ಕಾಲದಲ್ಲಿ ಖಾಲಿ ಥಿಯೇಟರಿನಲ್ಲಿ ಎಂಟು ಶುಕ್ರವಾರ ನುಡಿಸಿ, ಅದಕ್ಕಾಗಿ ಹತ್ತು ಲಕ್ಷ ಡಾಲರಿಗೂ ಜಾಸ್ತಿ ಕೂಡಿಸಿದರು.

ವಾಪಸ್ ಬಂದ ಮೇಲೆ ಮೊದಲಿನ ಥರ ಇದ್ದಾರಾ?

2009ರ ಮಾರ್ಚಿನಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ನಿನಲ್ಲಿ ಮತ್ತೆ ಶುರು ಮಾಡಿದರು. ಮೊದಲ ವರ್ಷಗಳಲ್ಲಿ ಸ್ವಲ್ಪ ಹುಷಾರಾಗಿ ನುಡಿಸಿದರು ಅನ್ನಿಸುತ್ತದೆ. ಆಮೇಲೆ ಕಟ್ಟು ಬಿಚ್ಚಿತು. 2017ರ ಬೇಸಿಗೆಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ 13 ರಾತ್ರಿ ನುಡಿಸಿದರು. ಒಟ್ಟು 237 ಹಾಡು, ಒಂದೂ ಎರಡು ಸಲ ಬರಲಿಲ್ಲ. ಐವತ್ತು ದಾಟಿದ ನಾಲ್ವರು! ನನ್ನ ಮಟ್ಟಿಗೆ ಇವರ ಅತಿ ಒಳ್ಳೆಯ ಕಾಲ 1990ರ ದಶಕ ಅಲ್ಲ, ಅದೇ ಹದಿಮೂರು ರಾತ್ರಿ.

ಊರಿಗೆ ಏನಾದರೂ ಮಾಡಿದ್ದಾರಾ?

ಮಾಡಿದ್ದಾರೆ. 1997ರಲ್ಲಿ ಅಲ್ಲಿನ ಐಸ್‌ಕ್ರೀಮ್ ಕಂಪನಿ ಬೆನ್ ಅಂಡ್ ಜೆರ್ರೀಸ್ ಇವರ ಹೆಸರಿನಲ್ಲಿ ಐಸ್‌ಕ್ರೀಮ್ ತಂದಾಗ ತಮ್ಮ ಪಾಲಿನ ದುಡ್ಡನ್ನು ವರ್ಮಾಂಟಿನ ಶಾಂಪ್ಲೇನ್ ಸರೋವರಕ್ಕೆ ಅಂತ ಇಟ್ಟರು. 2011ರಲ್ಲಿ ಐರೀನ್ ಚಂಡಮಾರುತದ ನೆರೆ ಬಂದಾಗ ಬರ್ಲಿಂಗ್ಟನ್ ಪಕ್ಕದಲ್ಲೇ ಒಂದು ಶೋ ಮಾಡಿ ಸುಮಾರು 12 ಲಕ್ಷ ಡಾಲರ್ ಕೊಟ್ಟರು.

ಭಾರತಕ್ಕೆ ಬಂದಿದ್ದಾರಾ?

ಇಲ್ಲ. ಬಂದರೆ ಮೊದಲ ಟಿಕೆಟ್ ನನ್ನದು.

ನನ್ನ ಮಗ ಶಿವಮೊಗ್ಗದಲ್ಲಿ ಬ್ಯಾಂಡ್ ಮಾಡಿಕೊಂಡಿದ್ದಾನೆ, ಅವನಿಗೆ ಏನು ಹೇಳಲಿ?

ಬೆಂಗಳೂರಿಗೆ ಓಡುವ ಮೊದಲು ಶಿವಮೊಗ್ಗದಲ್ಲೇ ತಿಂಗಳಿಗೆ ಎರಡು ಸಲ ನುಡಿಸಲು ಒಂದು ಜಾಗ ಹಿಡಿಯಲು ಹೇಳಿ. ಹೋಟೆಲಿನ ಮಹಡಿ ಆದರೂ ಸರಿ. ಪ್ರತಿ ಸಲ ಬೇರೆ ನುಡಿಸಲಿ. ಕೇಳುವವರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಬೇಡ ಅನ್ನಬೇಡಿ. ಮತ್ತೆ ಆ 'ಹೇ' ಅಭ್ಯಾಸ, ಅದನ್ನು ವಾರಕ್ಕೆ ಒಂದು ಗಂಟೆ ಮಾಡಲಿ, ದುಡ್ಡೇನೂ ಬೇಕಾಗಿಲ್ಲ.

ಎಲ್ಲಿಂದ ಕೇಳಲು ಶುರು ಮಾಡಲಿ?

ಇದನ್ನೇ ಎಲ್ಲರೂ ಕೊನೆಗೆ ಕೇಳುತ್ತಾರೆ. ಶೋಗಳ ರೆಕಾರ್ಡಿಂಗಿನಿಂದ ಮಾಡಿದ 1995ರ ಆಲ್ಬಮ್ 'ಎ ಲೈವ್ ಒನ್' ಅಂತ ಎಲ್ಲರೂ ಹೇಳುತ್ತಾರೆ, ತಪ್ಪೇನಿಲ್ಲ. ನನ್ನ ದಾರಿ ಬೇರೆ. 1990ರ 'ಲಾನ್ ಬಾಯ್' ಆಲ್ಬಮ್ಮಿನಲ್ಲಿ ಅದೇ ಹೆಸರಿನ ಹಾಡು ಕೇಳಿ. ಪೇಜ್ ಹಾಡುತ್ತಾರೆ, ಮೂರು ನಿಮಿಷವೂ ಇಲ್ಲ, ಹಳೆಯ ಕ್ಲಬ್ ಹಾಡಿನ ಥರ ಮೆತ್ತಗಿದೆ. ಅದಾದ ತಕ್ಷಣ 2017ರ ಜುಲೈ 25ರ ಶೋದಲ್ಲಿ ಅದೇ ಹಾಡು ಹಾಕಿ. ಸುಮಾರು ಅರ್ಧ ಗಂಟೆ ಇದೆ. ಇಪ್ಪತ್ತೇಳು ವರ್ಷ ಆ ಹಾಡು ಅಷ್ಟು ದೂರ ಹೋಗುತ್ತದೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ, ಬೇರೆ ಕೆಲಸ ಮಾಡುತ್ತಾ ಕೇಳಬೇಡಿ. ಹಾಡು ಬಿಟ್ಟು ಅವರು ಬಯಲಿಗೆ ಇಳಿದದ್ದು ಯಾವ ನಿಮಿಷದಲ್ಲಿ ಅಂತ ನಿಮಗೆ ಅನ್ನಿಸಿತು, ಅದನ್ನು ನನಗೆ ಬರೆದು ತಿಳಿಸಿ.